ಹೂವು ಬಿದ್ದರೆ ಹೊರಡುವ ಕಾಕಾ

ನಮ್ಮ ಕಾಕಾ ಮಿಲಿಟರಿಯಲ್ಲಿ ಒಂದು ದಿನವೂ ಇದ್ದವನಲ್ಲ. ಆದರೆ ಇನ್ನೂ ನಿವೃತ್ತನೂ ಆಗಿಲ್ಲ!

ಇದೆಂಥ ಲೆಕ್ಕ ಎಂದು ನೀವು ಕೇಳಬಹುದು. ಮನೆಯವರು ಕೇಳಿ ಸಾಕಾಗಿದ್ದಾರೆ, ಊರವರು ಕೇಳಿ ಬೇಸತ್ತಿದ್ದಾರೆ, ಮೈಂದರ್ಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಮಾತ್ರ ಇಂದಿಗೂ ಬಿಡದೆ ಕೇಳುತ್ತಾನೆ: "ಏನ್ ಕಾಕಾ, ಮಿಲ್ಟ್ರಿಗೆ ಹೋಗೂದು ಏನಾತು?" ಕಾಕಾ ಬಸಿಯಲ್ಲಿ ಚಹಾ ಸುರುವಿಕೊಂಡು, ಒಂದು ಗುಟುಕು ಹೀರಿ, ಗಂಭೀರವಾಗಿ ಹೇಳುತ್ತಾನೆ: "ಇನ್ನೂ ಠರಸಿಲ್ಲ." ಅಂದರೆ ಹೋಗಬೇಕೋ ಬಿಡಬೇಕೋ ಇನ್ನೂ ನಿರ್ಧಾರವಾಗಿಲ್ಲ. ಅವನಿಗೆ ಅರವತ್ತು ದಾಟಿದೆ. ಮುಂದಿನ ಹಲ್ಲು ಹೋಗಿವೆ, ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಕೂತರೆ ಏಳಲು ಗೋಡೆ ಬೇಕು. ಇಂಥವನು ಬಂದು ಸೇರಲಿ ಎಂದು ದೇಶದ ಗಡಿ ಕಾಯುತ್ತಿದೆ ಎಂದು ಅವನ ನಂಬಿಕೆ!

ನಾನು ಮೈಂದರ್ಗಿ ಹತ್ತಿರದ ಹಳ್ಳಿಯ ಕುರುಬರ ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ಸೊಲ್ಲಾಪುರ ಸೇರಿದವಳು. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಆದರೆ ಓದಿದ್ದೆಲ್ಲ ಮರಾಠಿಯಲ್ಲಿ. ಕನ್ನಡದ ಒಂದಕ್ಷರ ಬಾರದು. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ಈ ವರ್ಷ ಅವಳೂ ಮಿಲಿಟರಿಗೆ ಹೋಗುತ್ತೇನೆಂದು ಎದ್ದು ನಿಂತಳು, ಕಾಕಾನ ಕಥೆ ನನ್ನ ಅಡುಗೆಮನೆಗೇ ಬಂತು.

ಮೊದಲು ಕಾಕಾನದು ಹೇಳಿಬಿಡುತ್ತೇನೆ. ಅವನು ಹರೆಯದಲ್ಲಿ ಸೊಲ್ಲಾಪುರದ ಮೈದಾನದಲ್ಲಿ ಮಿಲಿಟರಿಗೆ ಜನರನ್ನು ಆರಿಸುವ ಭರತಿ ನಡೆದಾಗ ಓಡಲು ಹೋಗಿದ್ದ. ಕಾಲಲ್ಲಿ ಚಪ್ಪಲಿ ಇಲ್ಲ, ಹೆಗಲ ಮೇಲೆ ಕಂಬಳಿ. ತಪ್ಪಿಸಿಕೊಂಡ ಟಗರಿನ ಹಿಂದೆ ಓಡಿ ಬೆಳೆದವನಿಗೆ ಅದೊಂದು ಓಟವೇ? ಎಲ್ಲರಿಗಿಂತ ಮುಂದೆ ಬಂದ. ಬಂದವನು ನಿಲ್ಲಲೇ ಇಲ್ಲ, ಇನ್ನೊಂದು ಸುತ್ತು ಹೊರಟ! ಸಾಹೇಬ ಸೀಟಿ ಊದಿ ಊದಿ ಸುಸ್ತಾಗಿ, "ಅರೇ ರುಕೋ, ಹೋ ಗಯಾ!" ಎಂದು ಕೂಗಿದನಂತೆ. ಕಾಕಾನಿಗೆ ಆಗ ಹಿಂದಿ ಬರುತ್ತಿರಲಿಲ್ಲ. ನಿಲ್ಲು, ಆಯಿತು ಎಂದರೆ ಇನ್ನೂ ಜೋರಾಗಿ ಓಡು ಎನ್ನುತ್ತಿದ್ದಾರೆಂದು ತಿಳಿದು ಇನ್ನೂ ಜೋರಾಗಿ ಓಡಿದ. ಎದೆ ಅಳೆದರು, ಹಲ್ಲು ಎಣಿಸಿದರು, ಆರಿಸಿಕೊಂಡರು. ಸೋಮವಾರ ಮುಂಜಾನೆ ಸೊಲ್ಲಾಪುರ ಸ್ಟೇಷನ್ನಿಗೆ ಬಂದು ಗಾಡಿ ಹತ್ತಬೇಕೆಂದು ಹೇಳಿ ಕಳಿಸಿದರು.

ನಮ್ಮ ಮನೆಯಲ್ಲಿ ಕುಲದೇವರು ಬೀರಪ್ಪನನ್ನು ಕೇಳದೆ ಯಾರೂ ಏನೂ ಮಾಡುವುದಿಲ್ಲ. ಬಾವಿ ತೋಡುವುದಿರಲಿ, ಹೆಣ್ಣು ಕೊಡುವುದಿರಲಿ, ಹೂವಿನ ಕೌಲು ಹಚ್ಚಲೇಬೇಕು. ಕೌಲು ಎಂದರೆ ದೊಡ್ಡ ಶಾಸ್ತ್ರವೇನಲ್ಲ. ದೇವರ ಎರಡು ಭುಜಕ್ಕೆ ಎರಡು ಹೂವನ್ನು ನೀರಲ್ಲಿ ಅದ್ದಿ ಅಂಟಿಸುವುದು, ಎದುರಿಗೆ ಕೂತು ಕಾಯುವುದು. ಬಲಗಡೆಯ ಹೂವು ಮೊದಲು ಬಿದ್ದರೆ 'ಆಗಲಿ', ಎಡಗಡೆಯದು ಬಿದ್ದರೆ 'ಬೇಡ'. ನೀರು ಆರಿದರೆ ಯಾವುದೋ ಒಂದು ಬೀಳಲೇಬೇಕಲ್ಲವೇ? ನಮ್ಮ ಕಾಕಾನ ಪಾಲಿಗೆ ಎರಡೂ ಬೀಳಲಿಲ್ಲ!

ರವಿವಾರ ಮುಂಜಾನೆ ಅಜ್ಜ ಹೂವು ಹಚ್ಚಿದ. ಮಧ್ಯಾಹ್ನವಾಯಿತು. "ದೇವರು ವಿಚಾರ ಮಾಡಾಕತ್ತಾನ" ಎಂದ ಅಜ್ಜ. ಸಂಜೆಯಾಯಿತು. "ಭಾಳ ವಿಚಾರ ಮಾಡಾಕತ್ತಾನ" ಎಂದ. ಕೌಲು ಸಿಗುವ ತನಕ ಕೇಳಿದವನು ಏಳುವಂತಿಲ್ಲ ಎಂಬುದು ರೂಢಿ. ಸೋಮವಾರ ಗಾಡಿ ತನ್ನ ಪಾಡಿಗೆ ತಾನು ಹೋಯಿತು. ಕಾಕಾ ಬೀರಪ್ಪನ ಮುಂದೆ, ಬೀರಪ್ಪ ಕಾಕಾನ ಮುಂದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರು. ಕೊನೆಗೆ ಒಣಗಿ ಬಣ್ಣಗೆಟ್ಟ ಹೂವುಗಳನ್ನು ನಮ್ಮ ಅಜ್ಜಿಯೇ ನೀರು ಹಾಕಿ ಕಿತ್ತು ತೆಗೆದಳು. ಕಿತ್ತದ್ದು ಬಿದ್ದ ಲೆಕ್ಕವೇ? ಅಲ್ಲ ಎಂದು ಕಾಕಾನ ವಾದ. ಮುಂದಿನ ಭರತಿಗೆ ಹೋಗೋ ಎಂದು ಎಲ್ಲರೂ ಹೇಳಿದರು. "ಮೊದಲಿಂದಕ್ಕ ಉತ್ತರಾ ಬರ್ಲಿ. ಒಂದ ಮಾತು ದೇವರಿಗೆ ಎಷ್ಟ ಸಲ ಕೇಳೂದು?" ಎಂದುಬಿಟ್ಟ. ಅಂದಿನಿಂದ ದೇವರ ಉತ್ತರಕ್ಕೆ ಕಾಯುತ್ತಿದ್ದಾನೆ, ಮತ್ತು ಬಂದರೆ ತಡವಾಗಬಾರದೆಂದು ತಯಾರಾಗಿದ್ದಾನೆ.

ಆ ತಯಾರಿ ನೋಡಬೇಕು ನೀವು! ಮನೆಯಲ್ಲಿ ಕೋಳಿ ಕೂಗುವುದು ಕಾಕಾ ಎದ್ದ ಮೇಲೆ. ಎದ್ದು ಬಾವಿಯ ತನಕ ಓಡುತ್ತಾನೆ. ಈಗೀಗ ಓಡುವಂತೆ ನಡೆಯುತ್ತಾನೆ. ಕುರಿಗಳಿಗೂ ಬಿಡುಗಡೆ ಇಲ್ಲ. ಅವು ಸಾಲಾಗಿ ಹೋಗಬೇಕು. ಮುಂದೆ ಒಂದು ಕೊಬ್ಬಿದ ಟಗರು, ಅದಕ್ಕೆ ಸುಬೇದಾರ ಎಂದು ಹೆಸರು. ಹಿಂದೆ ನಾಯಿ, ಅದು ಹವಾಲ್ದಾರ. ಅಕ್ಕಲಕೋಟೆಯ ಬಸ್ಸು ಬಂದರೆ ಕಾಕಾ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿಯುತ್ತಾನೆ, ಸೀಟಿ ಊದುತ್ತಾನೆ, ಪಲ್ಟನ್ನು ದಾಟುವ ತನಕ ಡ್ರೈವರ್ ಕಾಯಬೇಕು. ಒಂದು ಸಲ ಸುಬೇದಾರ ಹೊಳ್ಳಿ ಪಕ್ಕದ ಹೊಲದ ತೊಗರಿಗೆ ನುಗ್ಗಿದ. ಹಿಂದಿನ ಕುರಿಗಳೆಲ್ಲ ಶಿಸ್ತಿನಿಂದ ಸಾಲು ಮುರಿಯದೆ ಅವನ ಹಿಂದೆಯೇ ನುಗ್ಗಿದವು. ಹೊಲದವನು ಬಡಿಗೆ ಹಿಡಿದು ಬಂದ.

"ಏ ಕಾಕಾ, ನಿನ್ನ ಕುರಿ ನನ್ನ ತೊಗರಿ ಎಲ್ಲಾ ಸಾಫ್ ಮಾಡ್ಯಾವ ನೋಡು!"

"ಹೌದಪಾ, ತಪ್ಪಾಗ್ಯದ. ಖರೇ ಒಂದ ಕುರಿನರ ಸಾಲ ಬಿಟ್ಟದೇನು ನೋಡು" ಎಂದ ಕಾಕಾ.

ಹೊಲದವನಿಗೆ ಬಡಿಗೆ ಎತ್ತಬೇಕೋ ನಗಬೇಕೋ ತಿಳಿಯಲಿಲ್ಲವಂತೆ.

ಮದುವೆಯ ಕಥೆ ಇನ್ನೂ ಸೊಗಸು. ದುಧನಿ ಕಡೆಯ ಹೆಣ್ಣು. ನೋಡಲು ಹೋದಾಗ ಹೆಣ್ಣಿನ ತಂದೆ, "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿದ. ಅಜ್ಜ "ಕುರಿ ಅವ, ಹೊಲ ಅದ" ಎನ್ನುವಷ್ಟರಲ್ಲಿ ಕಾಕಾ ಎದ್ದು ನಿಂತು, "ಮಿಲ್ಟ್ರಿಗೆ ಹೋಗಾವ ಇದ್ದೀನ್ರಿ. ಹೂವ ಬಿದ್ದ ದಿನಾನ ಹೊಂಟೆ. ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ" ಎಂದ. ಮಾತು ಮುರಿದೇಹೋಯಿತು ಎಂದು ಎಲ್ಲರೂ ತಲೆ ತಗ್ಗಿಸಿ ಕೂತರು. ಆಗ ಬಾಗಿಲ ಹಿಂದಿನಿಂದ ಹೆಣ್ಣೇ ಹೇಳಿದಳಂತೆ: "ಹೂವ ಬಿದ್ದಾಗ ನೋಡೂಣಂತ, ಮೊದಲ ತಾಳಿ ಕಟ್ಟಂತ ಹೇಳ್ರಿ." ಅವಳೇ ನಮ್ಮ ಕಾಕು. ಇವನನ್ನು ಸಂಭಾಳಿಸಲು ಎಂಥವಳು ಬೇಕಿತ್ತೋ ಅಂಥವಳೇ ಸಿಕ್ಕಳು.

ಕಾಕಾನದೊಂದು ತಗಡಿನ ಟ್ರಂಕು ಇದೆ, ಕರಿಬಣ್ಣದ್ದು. ಭರತಿಯಾದ ವರ್ಷ ಸೊಲ್ಲಾಪುರದಲ್ಲಿ ಕೊಂಡದ್ದು. ಅದರಲ್ಲಿ ಒಂದು ಜೋಡಿ ಕ್ಯಾನ್ವಾಸ್ ಬೂಟು, ಒಂದು ಲೋಟ, ಒಂದು ಕಂಬಳಿ, ಮತ್ತು ಒಂದು ಡಬ್ಬಿ ಶೇಂಗಾ ಚಟ್ನಿ. ಚಟ್ನಿ ಕೆಡುತ್ತದಲ್ಲ! ಅದಕ್ಕೆ ಕಾಕು ಪ್ರತಿ ನಾಗಪಂಚಮಿಗೆ ಹಳೆಯದನ್ನು ತೆಗೆದು ಹೊಸದು ತುಂಬುತ್ತಾಳೆ. "ದೇಶದ ಸಲುವಾಗಿ ಯಾರ್ಯಾರೋ ಏನೇನೋ ಮಾಡ್ಯಾರ, ನಾ ಚಟ್ನಿ ಕುಟ್ಟೀನಿ" ಎನ್ನುತ್ತಾಳೆ.

ಸೊಲ್ಲಾಪುರಕ್ಕೆ ಬಂದರೆ ಕಾಕಾ ನಮ್ಮ ಮನೆಗೆ ಬರುವ ಮೊದಲು ಸ್ಟೇಷನ್ನಿಗೆ ಹೋಗುತ್ತಾನೆ. ಗಾಡಿಯಲ್ಲಿ ಹಸಿರು ಬಟ್ಟೆಯ ಜವಾನರು ಕಂಡರೆ ಕಿಟಕಿಯಲ್ಲಿ ಕೈ ಹಾಕಿ ಕಡಕ್ ರೊಟ್ಟಿ ಕೊಡುತ್ತಾನೆ. ಒಮ್ಮೆ ನಾನೂ ಜೊತೆಗಿದ್ದೆ. ಮೀಸೆ ಮೂಡುತ್ತಿದ್ದ ಒಬ್ಬ ಜವಾನ ರೊಟ್ಟಿ ಮುರಿಯುತ್ತ, "ಚಾಚಾ, ಆಪ್ ಭೀ ಫೌಜ್ ಮೇ ಥೇ?" ಎಂದು ಕೇಳಿದ, ನೀವೂ ಮಿಲಿಟರಿಯಲ್ಲಿದ್ದಿರಾ ಅಂತ. ಕಾಕಾ ಎದೆಯುಬ್ಬಿಸಿ, ಅಷ್ಟರಲ್ಲಿ ಕಲಿತಿದ್ದ ಹಿಂದಿಯಲ್ಲಿ, "ನಹೀ, ಜಾನೇ ವಾಲಾ ಹೂಂ!" ಎಂದ. ಇಲ್ಲ, ಇನ್ನು ಹೋಗುವವನಿದ್ದೇನೆ ಎಂದು! ಆ ಹುಡುಗ ನಕ್ಕ ನಗೆಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿತು, ನಾನೇ ನೀರು ಕೊಟ್ಟೆ. ಕಾಕಾನೂ ನಕ್ಕ. ಆದರೆ ಗಾಡಿ ಹೊರಟ ಮೇಲೆ ಎಷ್ಟು ಕರೆದರೂ ಅಲ್ಲಿಂದ ಕದಲಲಿಲ್ಲ. ಅವತ್ತು ಮೊದಲ ಸಲ ನನಗೆ ಇವನ ಹುಚ್ಚು ಬರೀ ನಗುವಂಥದ್ದಲ್ಲ ಎನಿಸಿತು.

ಯಾಕೆಂದರೆ ಅಷ್ಟರಲ್ಲಿ ನನಗೆ ಒಳಗಿನ ಸಂಗತಿ ಗೊತ್ತಾಗಿತ್ತು. ಅಜ್ಜಿ ತೀರಿಕೊಳ್ಳುವ ಹಿಂದಿನ ವರ್ಷ ಔಷಧಕ್ಕೆಂದು ನಮ್ಮಲ್ಲಿ ಬಂದಿದ್ದಳು. ನಾನು ಹೋಳಿಗೆಗೆ ಬೆಲ್ಲ ಕುಟ್ಟುತ್ತಿದ್ದೆ. ಅಜ್ಜಿ ಬೆಲ್ಲದ ಒಂದು ಚೂರು ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ತಂಗೀ, ಅವತ್ತ ದೇವರ ಮೈ ತೊಳದಾಕಿ ನಾನ. ಭುಜಕ್ಕ ಬೆಲ್ಲದ ಪಾಕ ಸವರಿದ್ನಿ."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒನಕೆ ಕೈಯಿಂದ ಜಾರಿತು. ಬಲಗಡೆಯ ಹೂವು ಬೀಳದಂತೆ ಬಲ ಭುಜಕ್ಕೆ ಬೆಲ್ಲ! ಎಡದ್ದು ಬಿದ್ದರೆ 'ಬೇಡ', ಮಗ ಮನೆಯಲ್ಲಿ!

"ಮತ್ತ ಎಡಗಡೀದರ ಬೀಳಬೇಕಿತ್ತಲ್ಲ ಆಯಿ?" ಎಂದು ಅಜ್ಜಿಯನ್ನು ಕೇಳಿದೆ.

"ಸವರೂತನಾ ಎಲ್ಲಾ ಬರೋಬರಿ ಇತ್ತವಾ. ಆಮ್ಯಾಲ ಸಂಶೇ ಬಂತು. ಬಲಗಡಿ ಅಂದ್ರ ದೇವರ ಬಲಗಡಿನೋ, ದೇವರ ಮುಂದ ನಿಂತಾವ್ರ ಬಲಗಡಿನೋ? ಯಾರಿಗಂತ ಕೇಳ್ಲಿ? ಅದಕ್ಕ ಎರಡೂ ಕಡಿ ಸವರಿಬಿಟ್ನಿ."

ನಾನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಊರಿಗೆ ಊರೇ ಇಷ್ಟು ವರ್ಷ ದೇವರ ಮೌನದ ಅರ್ಥ ಹುಡುಕುತ್ತಿದ್ದರೆ, ದೇವರ ಬಾಯಿ ಕಟ್ಟಿದ್ದು ಬೆಲ್ಲ! ನಕ್ಕು ಮುಗಿಸಿ ನೋಡಿದರೆ ಅಜ್ಜಿ ನಗುತ್ತಿರಲಿಲ್ಲ. "ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ ತಂಗಿ. ಅಂದ್ರ ಸಿಟ್ಟ ಮಾಡಿ ಹೋಗೇಬಿಡ್ತಾನ ಅಂತ ಅಂಜಿಕಿ. ಈಗ ನೋಡು, ಗಾಡಿ ಸಪ್ಪಳ ಕೇಳಿದ್ರ ಉಣ್ಣೂದು ಬಿಟ್ಟ ನಿಲ್ತಾನ. ಮನ್ಯಾಗ ಇದ್ದಾನ, ಖರೇ ಮನ್ಯಾಗ ಇಲ್ಲ" ಎಂದಳು. ಯಾರ ಮುಂದೂ ಹೇಳಬೇಡವೆಂದು ಕೈ ಹಿಡಿದುಕೊಂಡಳು. ನಾನು ಹೇಳಲಿಲ್ಲ. ಹೇಳಿದ್ದರೆ ಕಾಕಾನ ಪಾಲಿಗೆ ದೇವರೂ ಹೋಗುತ್ತಿದ್ದ, ತಾಯಿಯೂ ಹೋಗುತ್ತಿದ್ದಳು.

ಈಗ ನನ್ನ ಮಗಳ ಮಾತಿಗೆ ಬರುತ್ತೇನೆ. ಕಾಲೇಜು ಮುಗಿಸಿದ ಹುಡುಗಿ ಸೂರ್ಯ ಹುಟ್ಟುವ ಮುಂಚೆ ಎದ್ದು ಮೈದಾನದಲ್ಲಿ ಓಡತೊಡಗಿದಾಗ ಮೈ ಇಳಿಸಲು ಓಡುತ್ತಾಳೆಂದು ತಿಳಿದಿದ್ದೆ. ಇಳಿಸಲು ಅವಳಲ್ಲಿ ಮೈ ಎಲ್ಲಿತ್ತು! ಒಂದು ದಿನ ಮಿಲಿಟರಿ ಭರತಿಯಲ್ಲಿ ಪಾಸಾಗಿ ಬಂದು ನಿಂತಳು. ಸೇರಿದರೆ ನಾಲ್ಕು ವರ್ಷ, ಮುಂದೆ ಇಟ್ಟುಕೊಂಡರೆ ಇಟ್ಟುಕೊಂಡರು. ಹೋಗುತ್ತೇನೋ ಇಲ್ಲವೋ ಎನ್ನುವುದನ್ನು ಬೇಗ ಹೇಳಬೇಕಿತ್ತು. ಪವರ್‌ಲೂಮಿನಲ್ಲಿ ಚಾದರ ನೇಯಿಸುವ ನನ್ನ ಗಂಡ, "ಹುಡುಗಿ ಮನಸು ಅದ, ಹೋಗ್ಲಿ" ಎಂದು ಎರಡು ಮಾತಲ್ಲಿ ಮುಗಿಸಿದರು. ಉಳಿದವಳು ನಾನು. ಅವಳ ಕೈಯಲ್ಲಿ ಬಂದೂಕು ನೆನೆದರೆ ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ. ಬೇಡ ಎನ್ನಬೇಕು. ಎನ್ನಲು ಬಾಯಿ ಬರಬೇಕಲ್ಲ? "ಬೀರಪ್ಪನ್ನ ಕೇಳೂನು" ಎಂದೆ.

ಹೌದು, ಹಾಗೆಯೇ ಎಂದೆ! ಅಕ್ಕಲಕೋಟೆ ಬಸ್ಸಿನಲ್ಲಿ ತಾಯಿ ಮಗಳು ಕೂತು ಹೊರಟಾಗ ನನ್ನ ಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಮತ್ತು ಬೆಲ್ಲ. ಬೆಲ್ಲ ನೈವೇದ್ಯಕ್ಕೆ. ನೈವೇದ್ಯಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು ಎನ್ನಿ. ಅದೂ ಹಸಿಯಾದ, ಅಂಟು ಬೆಲ್ಲ. ಬಲಗಡೆ ಎಂದರೆ ದೇವರ ಬಲಗಡೆಯೇ ಎಂಬುದನ್ನೂ ತಿಳಿದವರಿಂದ ವಿಚಾರಿಸಿಟ್ಟುಕೊಂಡಿದ್ದೆ. ಅಜ್ಜಿಯಂತೆ ಎರಡೂ ಕಡೆ ಸವರಲು ನಾನೇನು ಓದದವಳೇ?

ಈ ವರ್ಷ ಪೂಜೆಯ ಪಾಳಿ ಕಾಕಾನದು. ಗುಡಿಯ ಮುಂದೆ ಸುಬೇದಾರನ ಪಲ್ಟನ್ನು ಬೇವಿನ ನೆರಳಲ್ಲಿ ಮಲಗಿತ್ತು. ಕಾಕಾ ನನ್ನ ಮಗಳನ್ನು ನೋಡಿದವನೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅವಳೂ ಹೊಡೆದಳು. ನಾನು ಮಾತ್ರ ಗಡಿಬಿಡಿಯಿಂದ ಕೊಡ ಎತ್ತಿಕೊಂಡೆ.

"ಕಾಕಾ, ಇವತ್ತ ದೇವರ ಮೈ ನಾ ತೊಳೀತೀನಿ."

ಕಾಕಾ ನನ್ನ ಮುಖ ನೋಡಿದ. ಆಮೇಲೆ ಚೀಲ ನೋಡಿದ. "ಬೆಲ್ಲಾ ತಂದೀಯೇನು ತಂಗಿ?"

"ನೈವೇದ್ಯಕ್ಕ" ಎಂದೆ. ಚೀಲ ಹಿಂದಕ್ಕೆ ಸರಿಸಿದೆ.

"ಇತ್ತ ಕೊಡು." ಅವನು ಬೆಲ್ಲ ಇಸಿದುಕೊಂಡು, ಒಂದು ತುಂಡು ಬೀರಪ್ಪನ ಮುಂದಿಟ್ಟು, ಉಳಿದದ್ದನ್ನು ಮುರಿದು ಮಗಳ ಕೈಗೆ ಹಾಕಿದ. "ತಿನ್ನು ಯವ್ವಾ. ಬೆಲ್ಲಾ ಬಾಯಾಗ ಇರಬೇಕು. ದೇವರ ಭುಜದ ಮ್ಯಾಲ ಅದಕ್ಕೇನ ಕೆಲಸ?"

"ಕಾಕಾ, ನಿನಗ ಗೊತ್ತಿತ್ತೇನು?"

"ಇರಿವಿ ಬಂದಿದ್ವು ತಂಗಿ" ಎಂದ ಕಾಕಾ, ಹಲ್ಲಿಲ್ಲದ ಬಾಯಲ್ಲಿ ನಗುತ್ತ. "ರವಿವಾರ ಮಧ್ಯಾಹ್ನಕ್ಕ ಬಂದ್ವು. ಎರಡೂ ಭುಜಕ್ಕ ಎರಡ ಸಾಲು. ಏನ್ ಶಿಸ್ತ ಅಂತಿ! ನನ್ನ ಕುರಿಗೋಳು ಇವತ್ತಿಗೂ ಹಂಗ ನಡ್ಯಂಗಿಲ್ಲ. ಕುರುಬನ ಮಗ ನಾ, ಇರಿವಿ ಯಾತಕ್ಕ ಬರ್ತಾವ ತಿಳ್ಯಂಗಿಲ್ಲೇನು? ಉಗುರಿಲೆ ಒಂದೀಟ ಕೆರೆದಿದ್ರ ಹೂವ ಬೀಳ್ತಿತ್ತು."

"ಮತ್ತ ಯಾಕ ಹೋಗಲಿಲ್ಲ?"

ಕಾಕಾ ಧೋತರದ ಚುಂಗಿಗೆ ಬೆಲ್ಲದ ಕೈ ಒರೆಸಿಕೊಂಡ.

"ಅವ್ವ ಬಾಗಲದಾಗ ನಿಂತಿದ್ಳು. ಬ್ಯಾಡ ಅಂದಿದ್ರ ಜಗಳಾ ತಗದ ಹೋಗ್ತಿದ್ನಿ ತಂಗಿ. ಬೆಲ್ಲದ ಜೋಡಿ ಹ್ಯಾಂಗ ಜಗಳಾಡೂದು?"

ಇಷ್ಟು ವರ್ಷ 'ಹೂವ ಬಿದ್ದಿಲ್ಲ' ಎಂದು ಕಾಕಾ ಊರನ್ನೆಲ್ಲ ನಗಿಸಿದ್ದು ಯಾಕೆಂದು ಆಗ ತಿಳಿಯಿತು. ಹುಚ್ಚ ಎನಿಸಿಕೊಂಡರೂ ಸರಿ, ತನಗೆ ಗೊತ್ತಿದೆ ಎಂಬುದು ಅವ್ವನಿಗೆ ತಿಳಿಯಬಾರದು! ಅವಳು ಅವನಿಂದ ಮುಚ್ಚಿಟ್ಟಳು, ಅವನು ಅವಳಿಂದ ಮುಚ್ಚಿಟ್ಟ. ಒಂದೇ ಮನೆಯಲ್ಲಿ, ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಇಬ್ಬರೂ ಆ ಎರಡು ಹೂವುಗಳನ್ನು ಅವಳು ಸಾಯುವ ತನಕ ಕಾಯ್ದರು. ಯಾರಾದರೂ ಒಬ್ಬರು ಒಂದು ಮಾತು ಆಡಬಾರದಿತ್ತೇ?

ಕಾಕಾ ಮಗಳ ಕಡೆ ತಿರುಗಿದ. "ನಿಮ್ಮವ್ವ ಏನಂತಾಳು?"

"ಮಮ್ಮಿ ಕಾಹೀಚ್ ಬೋಲತ ನಾಹೀ, ಅಜ್ಜಾ" ಎಂದಳು ಅವಳು, ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ. "ಒಂದ ಮಾತೂ ಆಡವಲ್ಲಳು. ಬೀರಪ್ಪನ್ನ ಕೇಳೂನು ಅಂತಾಳ, ಅಷ್ಟ."

"ಇವತ್ತ ಹೂವ ಹಚ್ಚಂಗಿಲ್ಲ" ಎಂದ ಕಾಕಾ ನನಗೆ. "ಬೀರಪ್ಪಗ ಒಮ್ಮೆ ಸಾಕಷ್ಟು ತ್ರಾಸ ಕೊಟ್ಟೀವಿ. ನೀ ಬಾಯಿ ಬಿಟ್ಟ ಹೇಳು. ಬ್ಯಾಡ ಇದ್ರ ಬ್ಯಾಡ ಅನ್ನು. ಆಕಿ ಎದರಿಗೆ ಅನ್ನು."

ನಾನು ಮಗಳ ಮುಖ ನೋಡಿದೆ. ತುಟಿಯ ಮೂಲೆಯಲ್ಲಿ ಬೆಲ್ಲದ ಚೂರು ಅಂಟಿತ್ತು.

"ಬ್ಯಾಡ" ಎಂದೆ. "ಹೋಗಬ್ಯಾಡ. ನನಗ ಭಾಳ ಅಂಜಿಕಿ ಬರ್ತದ."

"ನನಗೂ ಬರ್ತದ ಮಮ್ಮಿ" ಎಂದಳು. ನನ್ನ ಕೈ ಹಿಡಿದುಕೊಂಡಳು. "ಖರೇ ಹೋಗ್ತೀನಿ."

ಆಮೇಲೆ ನಾವು ಜಗಳಾಡಿದೆವು. ದೇವರ ಎದುರಿಗೇ, ಚೆನ್ನಾಗಿ, ಮರಾಠಿಯಲ್ಲೂ ಕನ್ನಡದಲ್ಲೂ ಜಗಳಾಡಿದೆವು. ಅತ್ತೆವು. ಕಾಕಾ ಬೇವಿನ ಕೆಳಗೆ ಹೋಗಿ ಕುರಿಗಳ ನಡುವೆ ಕೂತು, ಜಗಳ ಮುಗಿಯುವ ತನಕ ಬೀಡಿ ಸೇದಿದ. ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ.

ಹೊರಡುವ ದಿನ ಮುಂಜಾನೆ ಕಾಕಾ ಕಾಕು ಇಬ್ಬರೂ ಸೊಲ್ಲಾಪುರ ಸ್ಟೇಷನ್ನಿಗೆ ಬಂದರು. ಕಾಕಾನ ತಲೆಯ ಮೇಲೆ ಆ ಕರೀ ಟ್ರಂಕು! ಗಾಲಿಯ ಬ್ಯಾಗು ಹಿಡಿದು ನಿಂತ ಮಗಳಿಗೆ ಅದನ್ನು ನೋಡಿ ಏನು ಮಾಡಬೇಕೋ ತೋಚಲಿಲ್ಲ. ಕಾಕು ಮೆಲ್ಲಗೆ ಟ್ರಂಕು ಇಳಿಸಿ, ಬಾಯಿ ತೆರೆದು, ಚಟ್ನಿಯ ಡಬ್ಬಿಯೊಂದನ್ನು ತೆಗೆದು ಮಗಳ ಬ್ಯಾಗಿಗೆ ತುರುಕಿದಳು. "ಹೊಸಾದದ ಯವ್ವಾ, ಅಂಜಬ್ಯಾಡ, ನಿಮ್ಮ ಅಜ್ಜನ ಕಾಲದ್ದಲ್ಲ" ಎಂದಳು. ಆ ಟ್ರಂಕಿನಿಂದ ಕಡೆಗೂ ಏನೋ ಒಂದು ಮಿಲಿಟರಿ ಸೇರಿತು.

ಗಾಡಿ ಕದಲಿತು. ಮಗಳು ಬಾಗಿಲಲ್ಲಿ ನಿಂತು ಕೈ ಬೀಸಿದಳು. ಕಾಕಾ ಟ್ರಂಕಿನ ಪಕ್ಕದಲ್ಲಿ ಕಾಲು ಜೋಡಿಸಿ ಸೆಲ್ಯೂಟ್ ಹೊಡೆದು ನಿಂತ. ಅವಳ ಬೋಗಿ ದಾಟಿತು, ಅದರ ಹಿಂದಿನವೂ ದಾಟಿದವು, ಸುತ್ತಲಿನ ಜನ ಚದುರಿದರು. ಅವನ ಕೈ ಇಳಿಯಲಿಲ್ಲ. ಪೊರೆ ತೆಗೆಸಿದ ಕಣ್ಣಲ್ಲೂ ತೆಗೆಸದ ಕಣ್ಣಲ್ಲೂ ನೀರು. ಕಾಕು ಅವನ ಮೊಣಕೈ ಮುಟ್ಟಿದಳು.

"ಕೈ ಇಳಸ್ರಿ ಇನ್ನ. ಗಾಡಿ ಹೋತು."

"ತಡಿ" ಎಂದ ಕಾಕಾ, ಹಳಿಯ ಕಡೆಯಿಂದ ಕಣ್ಣು ತೆಗೆಯದೆ. "ಆ ಸೋಮವಾರದ ಗಾಡಿ ನೋಡಲಿಲ್ಲ ನಾ. ಇದನ್ನರ ಕಾಣೂತನಾ ನೋಡ್ತೀನಿ."